ಬಂಬಿನೊಳಗಿನ ಸುಣ್ಣ

ಆಳಂದ, ಅಫಜಲಪುರ, ಜೇವರ್ಗಿಗಳ ಹಳೆಯ ಮನೆಗಳಲ್ಲಿ ಸ್ನಾನದ ನೀರು ಕಾಯಿಸುವ ತಾಮ್ರದ ಬಂಬು ಇನ್ನೂ ಅಲ್ಲಲ್ಲಿ ಉಳಿದಿದೆ. ಅದರ ಹೊರಮೈಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಥಳಥಳಿಸುವಂತೆ ಮಾಡುವವರೂ ಒಳಗೆ ಇಣಿಕಿ ನೋಡುವುದು ಅಪರೂಪ. ಕೇಡು ಇರುವುದು ಅಲ್ಲಿಯೇ.

ಈ ಸೀಮೆಯ ಬಾವಿಗಳು ಕರಿಗಲ್ಲಿನ ಪದರಗಳಲ್ಲಿ, ಜೇವರ್ಗಿಯ ಕಡೆ ಕೆಲವೆಡೆ ಸುಣ್ಣಗಲ್ಲಿನಲ್ಲಿಯೂ ಇಳಿದಿವೆ. ನೀರು ಕಲ್ಲಿನ ಸುಣ್ಣವನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಅಂಥ ನೀರಿನಲ್ಲಿ ಬೇಳೆ ಬೇಯಲೊಲ್ಲದು, ಸಾಬೂನು ನೊರೆಯಾಗದು. ('ಸವಳು' ಎಂಬ ಒಂದೇ ಮಾತಿನಲ್ಲಿ ನಮ್ಮ ಜನ ಉಪ್ಪನ್ನೂ ಸುಣ್ಣವನ್ನೂ ಅಡಗಿಸಿಟ್ಟಿದ್ದಾರೆ!) ನೀರು ಕಾದಾಗ ಇಂಗಾಲಾಮ್ಲ ವಾಯು ಹಾರಿಹೋಗಿ, ಸುಣ್ಣವು ಬಿಳಿಯ ಹೊರೆಯಾಗಿ ಕೂಡುತ್ತದೆ, ಅದೂ ಬೆಂಕಿ ತಾಗುವ ನಡುಗೊಳವೆಯ ಮೇಲೆಯೇ. ಹೊರೆಯು ಶಾಖವನ್ನು ತಡೆಯುವುದರಿಂದ ಸೌದೆ ಹೆಚ್ಚು ಬೇಕಾಗುತ್ತದೆ. ವಿದ್ಯುತ್ ಗೀಸರಿನಲ್ಲಾದರೆ ಕಾಯುವ ಸುರುಳಿಯೇ ಸುಟ್ಟುಹೋಗಬಹುದು. 60 ಡಿಗ್ರಿ ದಾಟಿದರೆ ಹೊರೆ ಬೇಗ ಬೆಳೆಯುತ್ತದೆ.

ಚಳಿದೇಶಗಳಲ್ಲಿ ಮನೆಯನ್ನೇ ಬೆಚ್ಚಗಿಡುವ ಬಾಯ್ಲರುಗಳುಂಟು. ಅಲ್ಲಿ ಒಮ್ಮೆ ತುಂಬಿದ ನೀರೇ ಸುತ್ತುತ್ತಿರುವುದರಿಂದ ಸುಣ್ಣದ ಕಾಟ ಕಡಿಮೆ. ಪದೇಪದೇ ಹೊಸ ನೀರು ಸೇರಿದರೆ ಮಾತ್ರ ಅದರೊಡನೆ ಬಂದ ಆಮ್ಲಜನಕವು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ನಮಗೋ, ದಿನವೂ ಹೊಸ ನೀರು, ದಿನವೂ ಹೊಸ ಸುಣ್ಣ.

ಹುಣಿಸೆ ಹೊರಮೈಗಿರಲಿ, ಒಳಗಿನ ಹೊರೆಗೆ ನಿಂಬೆಉಪ್ಪು ಬೆರೆಸಿದ ಬಿಸಿನೀರು ಮೇಲು. ಗುಳ್ಳೆಗಳೇಳುವುದು ನಿಂತೊಡನೆ ಬಸಿದು, ಎರಡು ಸಲ ತೊಳೆಯಿರಿ. ತೀಕ್ಷ್ಣವಾದ ಆಸಿಡ್ ಬೇಡ. ಮಳೆನೀರು ಸಿಕ್ಕಾಗ ಬಂಬಿಗೆ ಅದನ್ನೇ ತುಂಬಿರಿ. ಅದು ಕಲ್ಲನ್ನು ಕಂಡಿರುವುದಿಲ್ಲ.