ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯಲ್ಲಿ ನೊರೆ: ಕಾರಣವೂ ಪರಿಹಾರವೂ

ರಾಯಚೂರು ಜಿಲ್ಲೆ ಕೃಷ್ಣಾ ಹಾಗೂ ತುಂಗಭದ್ರಾ ನದಿಗಳ ನಡುವಣ ನಾಡು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿ ಸೀಮೆಗೂ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ದೇವದುರ್ಗ ಸೀಮೆಗೂ ಹರಿದು ಬಂದ ತರುವಾಯ ಇಲ್ಲಿಯ ಒಕ್ಕಲುತನದ ರೂಪವೇ ಬದಲಾಗಿದೆ. ಎರೆಹೊಲದಲ್ಲಿ ಎತ್ತು ಹೂಡಿ ರಂಟೆ ಹೊಡೆಯುತ್ತಿದ್ದ ಅನೇಕ ಮನೆತನಗಳು ಇಂದು ಟ್ರ್ಯಾಕ್ಟರನ್ನು ನೆಚ್ಚಿಕೊಂಡಿವೆ. ಹತ್ತಿಯ ಸಾಲುಗಳ ನಡುವೆ ಎಡೆ ಹೊಡೆಯಲು, ಔಷಧ ಸಿಂಪಡಿಸಲು, ಸಣ್ಣ ಗದ್ದೆಯ ಕೆಸರನ್ನು ಹದಗೊಳಿಸಲು ಸಣ್ಣ ಟ್ರ್ಯಾಕ್ಟರುಗಳೂ ಬಳಕೆಗೆ ಬಂದಿವೆ. ಯಂತ್ರವು ಮನೆಗೆ ಬಂದಷ್ಟು ಬೇಗ ಅದರ ತಿಳಿವಳಿಕೆ ಬರಲಿಲ್ಲವೆಂಬುದು ಮಾತ್ರ ವಿಷಾದದ ಸಂಗತಿ.

ಈ ತಿಳಿವಳಿಕೆಯ ಕೊರತೆಗೆ ತೆರಬೇಕಾದ ಬೆಲೆ ಅಲ್ಪವಲ್ಲ. ಕಾಲುವೆಯ ಕೊನೆಯ ಭಾಗದಲ್ಲಿರುವ ರೈತರಿಗೆ ನೀರು ತಡವಾಗಿ ಬರುತ್ತದೆ. ಬಂದರೂ ಕೆಲವೇ ದಿನ ನಿಲ್ಲುತ್ತದೆ. ಆ ದಿನಗಳಲ್ಲಿಯೇ ಗದ್ದೆ ಹದವಾಗಬೇಕು, ನಾಟಿ ಮುಗಿಯಬೇಕು. ಅಂಥ ಸಮಯದಲ್ಲಿ ಟ್ರ್ಯಾಕ್ಟರಿನ ಲಿಫ್ಟು ಮೇಲೇಳದೆ ನಿಂತರೆ, ಅಥವಾ ಎದ್ದರೂ ನಡುಗುತ್ತ ಎದ್ದು ತಾನಾಗಿಯೇ ಇಳಿದರೆ ರೈತನ ಗತಿಯೇನು? ಮುಚ್ಚಳ ತೆರೆದು ನೋಡಿದರೆ ಎಣ್ಣೆಯ ಮೇಲೆ ಹಾಲು ಉಕ್ಕಿದಂತೆ ನೊರೆ. ಗಾಬರಿಗೊಂಡ ರೈತನು ಎಣ್ಣೆಯನ್ನೆಲ್ಲ ಚೆಲ್ಲಿ ಹೊಸ ಎಣ್ಣೆ ಹಾಕಿಸುತ್ತಾನೆ. ಎರಡು ದಿನ ಕಳೆಯುವಷ್ಟರಲ್ಲಿ ನೊರೆ ಮತ್ತೆ ಕಾಣುತ್ತದೆ. ಬಳಿಕ ಪಂಪನ್ನೇ ಬದಲಿಸುವ ಮಾತು ಬರುತ್ತದೆ. ಹಣವೂ ಹೋಯಿತು, ಹದವೂ ಹೋಯಿತು. ನೊರೆಯು ರೋಗವಲ್ಲ, ರೋಗದ ಲಕ್ಷಣ ಮಾತ್ರ ಎಂಬುದನ್ನು ಅರಿತಿದ್ದರೆ ಇಷ್ಟು ನಷ್ಟವಾಗುತ್ತಿರಲಿಲ್ಲ.

ಎಣ್ಣೆ ಭಾರವನ್ನು ಎತ್ತುವ ಬಗೆ

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆಂಬ ತತ್ತ್ವವನ್ನು ೧೭ನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಪಾಸ್ಕಲ್ ಪ್ರತಿಪಾದಿಸಿದನು. ಶಾಲೆಯಲ್ಲಿ ಕಲಿತ ಈ ಪಾಠವೇ ಟ್ರ್ಯಾಕ್ಟರಿನ ಲಿಫ್ಟಿನ ಮೂಲ. ಇದನ್ನು ಬೇಸಾಯಕ್ಕೆ ಅಳವಡಿಸಿದವರಲ್ಲಿ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಪ್ರಮುಖನು. ಮೂರು ಕೊಂಡಿಗಳಲ್ಲಿ ಉಪಕರಣವನ್ನು ಜೋಡಿಸಿ ಎಣ್ಣೆಯ ಬಲದಿಂದ ಎತ್ತಿ ಇಳಿಸುವ ಅವನ ಟ್ರ್ಯಾಕ್ಟರು ೧೯೩೬ರಲ್ಲಿ ಮಾರುಕಟ್ಟೆಗೆ ಬಂದಿತು. ಇಂದು ನಮ್ಮ ಹೊಲಗಳಲ್ಲಿರುವ ಟ್ರ್ಯಾಕ್ಟರುಗಳ ಹಿಂಭಾಗದಲ್ಲಿ ಕಾಣುವುದು ಅದೇ ಏರ್ಪಾಡು.

ಪಂಪು ಎಣ್ಣೆಯನ್ನು ಹೀರಿ, ಒತ್ತಡದೊಡನೆ ಸಿಲಿಂಡರಿಗೆ ನೂಕುತ್ತದೆ. ಸಿಲಿಂಡರಿನೊಳಗಿನ ಪಿಸ್ಟನ್ ಸರಿದು ಲಿಫ್ಟಿನ ತೋಳುಗಳನ್ನು ಎತ್ತುತ್ತದೆ. ಎಣ್ಣೆಯನ್ನು ಎಷ್ಟೇ ಒತ್ತಿದರೂ ಅದರ ಗಾತ್ರ ಹೆಚ್ಚಾಗಿ ಕುಗ್ಗುವುದಿಲ್ಲ. ಆದುದರಿಂದಲೇ ಪಂಪಿನ ಬಲವೆಲ್ಲ ಭಾರವನ್ನು ತಲುಪುತ್ತದೆ. ಗಾಳಿಯ ಗುಣ ಇದಕ್ಕೆ ವಿರುದ್ಧವಾದುದು. ಅದನ್ನು ಒತ್ತಿದಷ್ಟೂ ಕುಗ್ಗುತ್ತದೆ, ಬಿಟ್ಟೊಡನೆ ಹಿಗ್ಗುತ್ತದೆ. ಎಣ್ಣೆಯೊಡನೆ ಗಾಳಿ ಬೆರೆತರೆ ಪಂಪಿನ ಶ್ರಮದ ಒಂದು ಪಾಲು ಗುಳ್ಳೆಗಳನ್ನು ಅಮುಕುವುದರಲ್ಲಿಯೇ ವ್ಯಯವಾಗುತ್ತದೆ. ಲಿಫ್ಟು ನಡುಗುವುದು, ತಡವಾಗಿ ಏಳುವುದು ಇದರಿಂದಲೇ. ಇಷ್ಟೇ ಅಲ್ಲ: ಹಠಾತ್ತನೆ ಅಮುಕಲ್ಪಟ್ಟ ಗುಳ್ಳೆಯು ಬಹಳ ಬಿಸಿಯಾಗಿ ಸುತ್ತಲಿನ ಎಣ್ಣೆಯನ್ನು ಕೆಡಿಸುತ್ತದೆ, ಪಂಪಿನ ಲೋಹವೂ ಸವೆಯುತ್ತದೆ.

ಎಣ್ಣೆಯಲ್ಲಿ ಗಾಳಿಯ ಅಂಶ ಯಾವಾಗಲೂ ಸ್ವಲ್ಪ ಇದ್ದೇ ಇರುತ್ತದೆ. ಸಾಮಾನ್ಯ ವಾತಾವರಣದ ಒತ್ತಡದಲ್ಲಿ ಖನಿಜ ಎಣ್ಣೆಯು ತನ್ನ ಗಾತ್ರದ ಶೇಕಡಾ ೯ರಷ್ಟು ಗಾಳಿಯನ್ನು ಕರಗಿಸಿಕೊಂಡಿರುತ್ತದೆ. ಸಕ್ಕರೆ ನೀರಿನಲ್ಲಿ ಕರಗಿದಂತೆ ಇದು ಕಣ್ಣಿಗೆ ಕಾಣದು, ಕೆಡುಕನ್ನೂ ಮಾಡದು. ಕರಗದೆ ಗುಳ್ಳೆಯಾಗಿ ಉಳಿದ ಗಾಳಿಯೇ ತೊಂದರೆಯ ಮೂಲ. ಹೊಸ ಎಣ್ಣೆಯಲ್ಲಿ ನೊರೆಯನ್ನು ಒಡೆಯುವ ಔಷಧಿಯನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿಯೇ ಮಾರುತ್ತಾರೆ. ಆದರೆ ಗಾಳಿಯು ಎಡೆಬಿಡದೆ ಒಳನುಗ್ಗುತ್ತಿದ್ದರೆ ಆ ಔಷಧಿಯೂ ಸೋಲುತ್ತದೆ.

ಮೊದಲು ಗಾಳಿಯೋ ನೀರೋ ಎಂಬ ನಿರ್ಣಯ

ಎಣ್ಣೆ ಬೆಳ್ಳಗಾಗಲು ಎರಡು ಕಾರಣಗಳುಂಟು: ಗಾಳಿ, ಇಲ್ಲವೆ ನೀರು. ಎರಡರ ಚಿಕಿತ್ಸೆ ಬೇರೆ ಬೇರೆ. ಆದುದರಿಂದ ಮೊದಲು ಇವುಗಳನ್ನು ಬೇರ್ಪಡಿಸಿ ತಿಳಿಯಬೇಕು. ಇದಕ್ಕೆ ಬೇಕಾದುದು ಒಂದು ಸ್ವಚ್ಛವಾದ, ಒಣಗಿದ ಗಾಜಿನ ಶೀಶೆ ಮಾತ್ರ. ಟ್ರ್ಯಾಕ್ಟರು ಕೆಲಸ ಮಾಡಿದ ಕೂಡಲೇ ಎಂಜಿನ್ ನಿಲ್ಲಿಸಿ, ಸ್ವಲ್ಪ ಎಣ್ಣೆಯನ್ನು ಶೀಶೆಯಲ್ಲಿ ಹಿಡಿದು ಅಲುಗಿಸದೆ ಇಡಬೇಕು. ಗುಳ್ಳೆಗಳು ಮೇಲಕ್ಕೆ ಏರಿ, ಎಣ್ಣೆಯು ತಳದಿಂದ ತಿಳಿಯಾಗುತ್ತ ಬಂದರೆ ಬೆರೆತದ್ದು ಗಾಳಿ. ಮರುದಿನ ಬೆಳಗಿನವರೆಗೂ ಮಜ್ಜಿಗೆಯಂತೆ ಮಬ್ಬಾಗಿಯೇ ಉಳಿದರೆ, ಅಥವಾ ತಳದಲ್ಲಿ ನೀರು ಬೇರೆಯಾಗಿ ನಿಂತರೆ ಬೆರೆತದ್ದು ನೀರು.

ಮಾನ್ವಿಯ ಕಡೆ ಗದ್ದೆಗಳಲ್ಲಿ ದುಡಿಯುವ ಟ್ರ್ಯಾಕ್ಟರುಗಳಿಗೆ ನೀರಿನ ಬಾಧೆ ಹೆಚ್ಚು. ಕೇಜ್ ವೀಲ್ ಹಾಕಿ ಕೆಸರಿನಲ್ಲಿ ಆಳವಾಗಿ ಓಡಾಡಿದಾಗ ಸವೆದ ಆಕ್ಸಲ್ ಸೀಲಿನ ಮೂಲಕ ಕೆಸರುನೀರು ಒಳಹೋಗುತ್ತದೆ. ಗೇರಿನ ಹಿಡಿಕೆಯ ಬುಡದಲ್ಲಿರುವ ರಬ್ಬರು ಹರಿದಿದ್ದರೆ ಮಳೆಯ ನೀರು ಇಳಿಯುತ್ತದೆ. ಗಾಳಿಯಾಡಲೆಂದು ಇಟ್ಟಿರುವ ಬ್ರೀದರಿನ ಮೇಲೆ ನೇರವಾಗಿ ನೀರು ಹಾಯಿಸಿ ತೊಳೆದರೂ ಇದೇ ಫಲ. ಇಂಥಲ್ಲಿ ಎಣ್ಣೆಯನ್ನು ಬದಲಿಸದೆ ಗತ್ಯಂತರವಿಲ್ಲ. ಆದರೆ ನೀರು ಬಂದ ದಾರಿಯನ್ನು ಮುಚ್ಚದೆ ಬದಲಿಸಿದರೆ ಅದು ಒಡೆದ ಕೊಡಕ್ಕೆ ನೀರು ತುಂಬಿದಂತೆಯೇ ಸರಿ.

ಗಾಳಿ ಬರುವ ದಾರಿಗಳು

ಶೀಶೆಯಲ್ಲಿ ಗಾಳಿಯೆಂದು ಖಚಿತವಾದರೆ, ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ ಖರ್ಚಿನದರ ಕಡೆಗೆ ಸಾಗಬೇಕು.

ಮೊದಲನೆಯದು ಎಣ್ಣೆಯ ಮಟ್ಟ. ಮಟ್ಟ ತಗ್ಗಿದರೆ ಪಂಪಿನ ಹೀರುಬಾಯಿ ಎಣ್ಣೆಯಿಂದ ಹೊರಬಿದ್ದು ಗಾಳಿಯನ್ನೇ ಹೀರುತ್ತದೆ. ಟ್ರ್ಯಾಕ್ಟರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಉಪಕರಣವನ್ನು ಪೂರ್ತಿ ಇಳಿಸಿ, ಎಂಜಿನ್ ಆರಿಸಿ ಕೆಲ ಹೊತ್ತು ಕಳೆದ ಮೇಲೆ ಅಳತೆಕಡ್ಡಿಯನ್ನು ನೋಡಬೇಕು. ಬದುವಿನ ಮೇಲೆ ಓರೆಯಾಗಿ ನಿಂತ ಟ್ರ್ಯಾಕ್ಟರಿನ ಕಡ್ಡಿ ಸುಳ್ಳು ಹೇಳುತ್ತದೆ. ಅತಿಯಾಗಿ ತುಂಬಿಸುವುದೂ ತಪ್ಪೇ. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರುಗಳಿಗೂ ಲಿಫ್ಟಿಗೂ ಒಂದೇ ಎಣ್ಣೆ ಇರುವುದರಿಂದ, ಮಟ್ಟ ಮಿತಿಮೀರಿದರೆ ತಿರುಗುವ ಗೇರುಗಳು ಮೊಸರು ಕಡೆಯುವ ಕಡೆಗೋಲಿನಂತೆ ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ.

ಎರಡನೆಯದು ಟ್ರಾಲಿ. ಭತ್ತ, ಇಟ್ಟಿಗೆ, ಮಣ್ಣು ಸಾಗಿಸುವ ಟ್ರಾಲಿಯನ್ನು ಎತ್ತಿ ಸುರಿಯುವ ಜಾಕು ಟ್ರ್ಯಾಕ್ಟರಿನ ಎಣ್ಣೆಯನ್ನೇ ಬಳಸುತ್ತದೆ. ಜಾಕು ಮೇಲೆದ್ದಾಗ ಹಲವು ಲೀಟರ್ ಎಣ್ಣೆ ಅದರೊಳಗೆ ಸೇರಿ, ಟ್ರ್ಯಾಕ್ಟರಿನಲ್ಲಿ ಮಟ್ಟ ಕುಸಿಯುತ್ತದೆ. ದೊಡ್ಡ ಟ್ರಾಲಿಯನ್ನು ಸಣ್ಣ ಟ್ರ್ಯಾಕ್ಟರಿಗೆ ಕಟ್ಟಿದಾಗ ಈ ತೊಂದರೆ ವಿಶೇಷವಾಗಿ ಕಾಣುತ್ತದೆ. ಕಲ್ಟಿವೇಟರ್ ಕಟ್ಟಿದಾಗ ಇಲ್ಲದ ನೊರೆಯು ಟ್ರಾಲಿ ಎತ್ತಿದಾಗ ಮಾತ್ರ ಬಂದರೆ ಕಾರಣವನ್ನು ಬೇರೆಡೆ ಹುಡುಕಬೇಕಾಗಿಲ್ಲ. ಆ ಟ್ರ್ಯಾಕ್ಟರು ಎಷ್ಟು ಎಣ್ಣೆಯನ್ನು ಹೊರಗಿನ ಜಾಕಿಗೆ ಕೊಡಬಲ್ಲದೆಂಬುದನ್ನು ಅದರ ಕೈಪಿಡಿಯಲ್ಲಿ ನೋಡಿ, ಅದಕ್ಕೆ ತಕ್ಕ ಟ್ರಾಲಿಯನ್ನೇ ಬಳಸಬೇಕು.

ಮೂರನೆಯದು ಹೀರುವ ಕೊಳವೆಯ ಬಿಗಿತ. ಹಳ್ಳಕ್ಕೆ ಡೀಸೆಲ್ ಪಂಪು ಇಟ್ಟು ನೀರೆತ್ತಿದ ರೈತನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೀರುವ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಪಂಪು ನೀರೆತ್ತದು. ಆದರೂ ಆ ತೂತಿನಿಂದ ಒಂದು ಹನಿ ನೀರೂ ಹೊರಗೆ ತೊಟ್ಟಿಕ್ಕದು. ಒಳಗಿನ ಒತ್ತಡವು ಹೊರಗಿನದಕ್ಕಿಂತ ಕಡಿಮೆ ಇರುವುದರಿಂದ ನೀರು ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಟ್ರ್ಯಾಕ್ಟರಿನಲ್ಲಿಯೂ ಇದೇ ನಿಯಮ. ಎಲ್ಲಿಯೂ ಎಣ್ಣೆ ಸೋರುತ್ತಿಲ್ಲ, ಆದುದರಿಂದ ಜೋಡಣೆಗಳೆಲ್ಲ ಸರಿಯಾಗಿವೆ ಎಂಬ ವಾದ ಇಲ್ಲಿ ನಿಲ್ಲದು. ಬೇಸಿಗೆಯಲ್ಲಿ ೪೦ ಡಿಗ್ರಿ ಸೆಲ್ಸಿಯಸ್ ಮೀರುವ ಈ ನಾಡಿನ ಬಿಸಿಲಿಗೆ ರಬ್ಬರಿನ ಪೈಪುಗಳೂ ಒ-ರಿಂಗುಗಳೂ ಗಡುಸಾಗಿ ಬಿರುಕುಬಿಡುತ್ತವೆ; ಕ್ಲಿಪ್ಪುಗಳು ಸಡಿಲವಾಗುತ್ತವೆ. ಹೊರಗೆ ಕಾಣುವ ಹೀರುಕೊಳವೆಯ ಒಂದೊಂದು ಜೋಡಣೆಗೂ ಎಂಜಿನ್ ನಿಲ್ಲಿಸಿ ದಪ್ಪನಾಗಿ ಗ್ರೀಸು ಸವರಿ, ಬಳಿಕ ಲಿಫ್ಟನ್ನು ನಡೆಸಿ ನೋಡಬೇಕು. ಯಾವ ಜೋಡಣೆಗೆ ಗ್ರೀಸು ಹಚ್ಚಿದಾಗ ಪಂಪಿನ ಕೂಗು ತಗ್ಗುತ್ತದೆಯೋ ದೋಷ ಅಲ್ಲಿಯೇ ಇದೆ. ಹಲವು ವೇಳೆ ಒಂದು ಸಣ್ಣ ರಬ್ಬರಿನ ಬಳೆಯಿಂದಲೇ ಕಾರ್ಯ ಸಿದ್ಧಿಸುತ್ತದೆ.

ನಾಲ್ಕನೆಯದು ಫಿಲ್ಟರು. ಇದು ಕಟ್ಟಿಕೊಂಡರೆ ಪಂಪು ಬಲವಂತದಿಂದ ಎಳೆಯಬೇಕಾಗಿ ಬಂದು, ಕೊಳವೆಯೊಳಗಿನ ಒತ್ತಡ ಬಹಳ ಕುಸಿಯುತ್ತದೆ. ಆಗ ಎಣ್ಣೆಯಲ್ಲಿ ಕರಗಿದ್ದ ಗಾಳಿಯೇ ಗುಳ್ಳೆಯಾಗಿ ಹೊರಬರುತ್ತದೆ. ಪಂಪಿನಲ್ಲಿ ಕಲ್ಲಿನ ಹರಳುಗಳು ಉರುಳಾಡಿದಂತಹ ಸಪ್ಪಳ ಇದರ ಗುರುತು. ಫಿಲ್ಟರನ್ನು ಬದಲಿಸಿದ ನಂತರ ಕೆಲ ಹೊತ್ತು ನೊರೆ ಕಂಡರೆ ಹೆದರಬೇಕಾಗಿಲ್ಲ. ಒಳಗೆ ಸಿಲುಕಿದ ಗಾಳಿ ಲಿಫ್ಟನ್ನು ಹಲವು ಬಾರಿ ಎತ್ತಿ ಇಳಿಸಿದರೆ ಹೊರಟುಹೋಗುತ್ತದೆ. ಹೋಗದಿದ್ದರೆ ಫಿಲ್ಟರಿನ ರಬ್ಬರು ಸರಿಯಾಗಿ ಕೂತಿಲ್ಲವೆಂದು ತಿಳಿಯಬೇಕು.

ಐದನೆಯದು ಎಣ್ಣೆಯ ಜಾತಿ. ಕೈಗೆ ಸಿಕ್ಕ ಎಂಜಿನ್ ಆಯಿಲನ್ನೇ ಲಿಫ್ಟಿಗೆ ಸುರಿಯುವ ರೂಢಿ ಕೆಲವರಲ್ಲಿದೆ. ಎಂಜಿನ್ನಿನ ಮಸಿಯನ್ನು ತೊಳೆಯಲೆಂದು ಆ ಎಣ್ಣೆಯಲ್ಲಿ ಬೆರೆಸಿದ ವಸ್ತುಗಳು ನೊರೆಯನ್ನೂ ನೀರನ್ನೂ ಹಿಡಿದಿಡುವ ಸ್ವಭಾವದವು. ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಿರುವ ಟ್ರ್ಯಾಕ್ಟರಿಗಂತೂ ತಪ್ಪು ಎಣ್ಣೆಯಿಂದ ಬ್ರೇಕಿಗೂ ಹಾನಿ. ಕೈಪಿಡಿಯಲ್ಲಿ ಹೇಳಿದ ಎಣ್ಣೆಯೇ ಶ್ರೇಯಸ್ಕರ.

ಈ ಐದನ್ನೂ ನೋಡಿದ ಮೇಲೂ ನೊರೆ ನಿಲ್ಲದಿದ್ದರೆ ಮಾತ್ರ ಪಂಪಿನ ದಂಡದ ಸೀಲನ್ನೂ, ಒಳಭಾಗಗಳನ್ನೂ ಸಂಶಯಿಸಬೇಕು. ಇದು ನುರಿತ ಮೆಕ್ಯಾನಿಕನ ಕೆಲಸ. ರಾಯಚೂರು ನಗರದವರೆಗೆ ಟ್ರ್ಯಾಕ್ಟರನ್ನು ಒಯ್ಯಲೇಬೇಕಾಗಿ ಬಂದರೂ, ಶೀಶೆಯಲ್ಲಿ ಕಂಡುದನ್ನೂ ನೊರೆ ಬರುವ ಸಮಯವನ್ನೂ ರೈತನು ಸರಿಯಾಗಿ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಮರೆಯಬಾರದ ಎಚ್ಚರಿಕೆಗಳು

ಎತ್ತಿದ ಉಪಕರಣದ ಕೆಳಗಾಗಲಿ, ಎತ್ತಿದ ಟ್ರಾಲಿಯ ಕೆಳಗಾಗಲಿ ಯಾರೂ ತಲೆಯೊಡ್ಡಬಾರದು. ಗಾಳಿ ಬೆರೆತ ಎಣ್ಣೆ ನಂಬಿಕೆಗೆ ಅರ್ಹವಲ್ಲ. ಪಂಪಿನಿಂದ ಮುಂದಿನ ಕೊಳವೆಗಳಲ್ಲಿ ಒತ್ತಡವು ವಾತಾವರಣದ ಒತ್ತಡದ ನೂರು ಪಟ್ಟಿಗೂ ಮಿಕ್ಕಿರುತ್ತದೆ. ಅಲ್ಲಿಯ ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ಹುಡುಕುವುದು ಅಪಾಯಕರ. ಕೂದಲೆಳೆಯಷ್ಟು ಸಣ್ಣ ಧಾರೆಯೂ ಚರ್ಮವನ್ನು ಭೇದಿಸಿ ಒಳಹೋಗಬಲ್ಲದು. ಹಾಗಾದರೆ ಗಾಯ ಚಿಕ್ಕದೆಂದು ಉದಾಸೀನ ಮಾಡದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸೋರಿಕೆ ನೋಡಲು ರಟ್ಟಿನ ತುಂಡನ್ನು ದೂರದಿಂದ ಹಿಡಿದರೆ ಸಾಕು. ತೆಗೆದ ಹಳೆಯ ಎಣ್ಣೆಯನ್ನು ಹೊಲದಲ್ಲಿ ಅಥವಾ ಕಾಲುವೆಯಲ್ಲಿ ಚೆಲ್ಲದೆ ಡಬ್ಬಿಯಲ್ಲಿ ಕೂಡಿಡಬೇಕು. ಕಾಲುವೆಯ ನೀರನ್ನೇ ಕೆರೆಗೆ ತುಂಬಿಸಿ ಕುಡಿಯುವ ಊರುಗಳು ಈ ಜಿಲ್ಲೆಯಲ್ಲಿವೆ.

ಶಾಲೆಯ ಪಾಲು

ಇದೆಲ್ಲವೂ ಪ್ರೌಢಶಾಲೆಯ ವಿಜ್ಞಾನದ ಮಟ್ಟವನ್ನು ಮೀರಿದ ವಿಷಯವಲ್ಲ. ಸೂಜಿಯಿಲ್ಲದ ಎರಡು ಸಿರಿಂಜುಗಳನ್ನು ಸಣ್ಣ ನಳಿಕೆಯಿಂದ ಜೋಡಿಸಿ, ನೀರು ತುಂಬಿ, ಒಂದನ್ನು ಒತ್ತಿದರೆ ಇನ್ನೊಂದು ಒಡನೆಯೇ ಏಳುತ್ತದೆ. ನಳಿಕೆಯೊಳಗೆ ಸ್ವಲ್ಪ ಗಾಳಿ ಬಿಟ್ಟು ಮತ್ತೆ ಒತ್ತಿದರೆ ಅದು ತಡೆದು ತಡೆದು ಏಳುತ್ತದೆ. ಈ ಪ್ರಯೋಗವನ್ನು ಕಣ್ಣಾರೆ ಕಂಡ ವಿದ್ಯಾರ್ಥಿಯು ಮನೆಗೆ ಹೋಗಿ ತಂದೆಯ ಟ್ರ್ಯಾಕ್ಟರಿನ ಲಿಫ್ಟು ನಡುಗುವುದನ್ನು ನೋಡಿದಾಗ, ಪುಸ್ತಕದ ಪಾಸ್ಕಲನು ತನ್ನ ಹೊಲಕ್ಕೇ ಬಂದುದನ್ನು ಕಾಣುತ್ತಾನೆ. ಎಣ್ಣೆಯನ್ನು ಚೆಲ್ಲುವ ಮೊದಲು ಒಂದು ಶೀಶೆಯಲ್ಲಿ ಹಿಡಿದು ನೋಡೋಣವೆಂದು ಆ ಬಾಲಕನು ಹೇಳಿದರೆ, ಕಾಲುವೆಗೆ ನೀರು ಬಂದ ಆ ನಾಲ್ಕು ದಿನಗಳು ಆ ಮನೆಗೆ ಉಳಿಯುತ್ತವೆ.