ಆಸ್ಪತ್ರೆಯ ಗಣಕಗಳಿಗೊಂದು ಸಮಾನ ಪರಿಭಾಷೆ

ಊರಿನ ವೈದ್ಯರು ಬರೆದಿಟ್ಟ ‘ಪೆನಿಸಿಲಿನ್ ಒಗ್ಗದು’ ಎಂಬ ಎಚ್ಚರಿಕೆಯು ಮುಂಬಯಿಯ ಆಸ್ಪತ್ರೆಗೆ ತಲುಪದಿದ್ದರೆ ಪ್ರಾಣಕ್ಕೇ ಅಪಾಯವುಂಟು. ಎರಡೂ ಕಡೆ ಗಣಕಯಂತ್ರಗಳಿದ್ದ ಮಾತ್ರಕ್ಕೆ ಈ ಅಪಾಯ ತಪ್ಪದು. ಒಂದೊಂದರ ಪರಿಭಾಷೆಯೂ ಅಳತೆಯೂ ಬೇರೆಯಾಗಿರಬಹುದು. ಉದಾಹರಣೆಗೆ, ರಕ್ತದ ಸಕ್ಕರೆಯನ್ನು ನಮ್ಮ ಪ್ರಯೋಗಶಾಲೆಗಳು ಡೆಸಿಲೀಟರಿಗೆ 126 ಮಿಲಿಗ್ರಾಂ ಎಂದು ಬರೆದರೆ, ಇಂಗ್ಲೆಂಡಿನಲ್ಲಿ ಅದನ್ನೇ ಲೀಟರಿಗೆ 7 ಮಿಲಿಮೋಲ್ ಎನ್ನುವರು. ಎರಡೂ ಒಂದೇ ಎಂದು ವೈದ್ಯರು ಬಲ್ಲರು. ಯಂತ್ರವು ತಾನಾಗಿ ಅರಿಯದು.

ಈ ತೊಡಕನ್ನು ನಿವಾರಿಸಲೆಂದು 1987ರಲ್ಲಿ ಅಮೆರಿಕದಲ್ಲಿ ‘ಎಚ್.ಎಲ್. 7’ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಅದು ರೂಪಿಸಿದ ‘ಫೈರ್’ ಎಂಬ ಮಾನಕವನ್ನು ನಮ್ಮ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಂಗೀಕರಿಸಿದೆ. 2021ರ ಸೆಪ್ಟೆಂಬರಿನಲ್ಲಿ ದೇಶವ್ಯಾಪಿಯಾದ ಈ ಯೋಜನೆಯಲ್ಲಿ, ಇಚ್ಛಿಸಿದವರಿಗೆ 14 ಅಂಕಿಗಳ ‘ಆಭಾ’ ಸಂಖ್ಯೆ ದೊರೆಯುತ್ತದೆ. ದಾಖಲೆಗಳು ಆಯಾ ಆಸ್ಪತ್ರೆಯಲ್ಲಿಯೇ ಉಳಿದು, ರೋಗಿಯು ಸಮ್ಮತಿಸಿದಾಗ ಮಾತ್ರ ಬೇರೆಡೆಗೆ ಸಾಗುತ್ತವೆ.

ಆದರೆ ಎರಡೂ ಆಸ್ಪತ್ರೆಗಳು ಈ ಜಾಲಕ್ಕೆ ಸೇರಿರಬೇಕು. ದಾಖಲೆಗಳು ಆ ಸಂಖ್ಯೆಗೆ ಜೋಡಣೆಯಾಗಿರಬೇಕು. ಆದುದರಿಂದ ಊರಿನಿಂದ ಬರುವ ತಂದೆತಾಯಿಯರ ಔಷಧದ ಚೀಟಿಯೂ ಒಗ್ಗದ ಮದ್ದುಗಳ ಪಟ್ಟಿಯೂ ಅವರ ಕೈಚೀಲದಲ್ಲಿರುವುದು ಇಂದಿಗೂ ಕ್ಷೇಮಕರ.