ಮರ ಹತ್ತುವವನ ಹಗ್ಗ



ಅಜ್ಜಂಪುರ, ತರೀಕೆರೆ ಕಡೆ ಅಡಿಕೆ ಕೊನೆ ಇಳಿಸುವ ಕಾಲ ಬಂದರೆ, ಕಡೂರಿನ ಕಡೆ ತೆಂಗಿನಕಾಯಿ ಕೀಳುವ ದಿನ ಬಂದರೆ, ಆಳು ಸಿಕ್ಕಿದನೇ ಎಂಬುದೊಂದೇ ನಮ್ಮ ಚಿಂತೆ. ಆತ 40-50 ಅಡಿ ಮೇಲೆ ಯಾವ ಹಗ್ಗ ನಂಬಿ ನಿಂತಿದ್ದಾನೆಂದು ಕೇಳುವವರು ಕಡಿಮೆ.

"200 ಕಿಲೋ ತಡೆಯುವ ಹಗ್ಗ 60 ಕಿಲೋ ಮನುಷ್ಯನನ್ನು ತಡೆಯದೇ?" ಅಂತೀರಿ. ಅಮೃತಮಹಲ್ ತಳಿಯನ್ನು ಕಂಡ ಅಜ್ಜಂಪುರದವರಿಗೆ ಹೋರಿಯ ವಿಷಯ ನಾನು ಹೇಳಬೇಕೇ? ಹೋರಿ ನಿಂತು ಎಳೆದರೆ ಕಣ್ಣಿ ತಡೆಯುತ್ತದೆ. ಎರಡು ಮಾರು ಓಡಿ ಜಗ್ಗಿದರೆ ಪಟ್ಟನೆ ಹರಿಯುತ್ತದೆ. ಬೀಳುವ ಮನುಷ್ಯನದೂ ಅದೇ ಲೆಕ್ಕ. 60 ಕಿಲೋ ತೂಕದವನು ಸಡಿಲ ಹಗ್ಗದಲ್ಲಿ 3 ಅಡಿ ಬಿದ್ದನೆನ್ನಿ. ಹಗ್ಗ ಅವನನ್ನು 3 ಅಂಗುಲದೊಳಗೆ ನಿಲ್ಲಿಸಿದರೆ ಸುಮಾರು 780 ಕಿಲೋ ಭಾರದ ಏಟು ಬೀಳುತ್ತದೆ. ಒಂದು ಅಡಿ ಹಿಗ್ಗಿ ನಿಲ್ಲಿಸಿದರೆ 240 ಕಿಲೋ ಮಾತ್ರ. ಹಗ್ಗ ಹರಿಯದಿದ್ದರೂ ಆ ಮೊದಲಿನ ಏಟಿಗೆ ಸೊಂಟ ಉಳಿಯುವುದಿಲ್ಲ. ಆದ್ದರಿಂದ ಹಿಗ್ಗದ ತಂತಿ, ಸರಪಣಿ ಇದಕ್ಕೆ ಕೂಡದು.

ಹಾಗಾದರೆ ಯಾವ ಹಗ್ಗ? ನೈಲಾನ್ ಚೆನ್ನಾಗಿ ಹಿಗ್ಗುತ್ತದೆ, ಗಟ್ಟಿಯೂ ಹೌದು. ನೆನೆದಾಗ ಸ್ವಲ್ಪ ಬಲ ಕುಂದುತ್ತದೆ. ಸಂತೆಯಲ್ಲಿ ಅಗ್ಗವಾಗಿ ಸಿಗುವ ಬಣ್ಣದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಪುಡಿಯಾಗುತ್ತದೆ. ಗುರುತು ಹಿಡಿಯುವುದು ಸುಲಭ: ಒಂದು ತುಂಡನ್ನು ನೀರಿನಲ್ಲಿ ಚೆನ್ನಾಗಿ ಹಿಂಡಿ ಬಿಡಿ. ತೇಲಿದರೆ ಪ್ಲಾಸ್ಟಿಕ್, ಅದು ಕೊನೆ ಇಳಿಬಿಡಲಿಕ್ಕೆ ಸಾಕು, ಜೀವಕ್ಕೆ ಬೇಡ. ನೈಲಾನ್ ಮುಳುಗುತ್ತದೆ. ನಾರಿನ ಹಗ್ಗ, ನೂಲಿನ ಹಗ್ಗ ಮಳೆಗೆ ಒಳಗೊಳಗೇ ಕೊಳೆಯುತ್ತವೆ, ಹೊರಗೆ ಗೊತ್ತಾಗುವುದಿಲ್ಲ.

ಇಲ್ಲೊಂದು ಮಾತು. ಹಗ್ಗ ಎಷ್ಟು ಉದ್ದವೋ ಅಷ್ಟು ಹಿಗ್ಗು. ಮೂರಡಿಯ ಗಿಡ್ಡ ಹಗ್ಗ ನೈಲಾನಾದರೂ ಅಡಿಗಟ್ಟಲೆ ಹಿಗ್ಗಲಾರದು. ಅದಕ್ಕೇ ಒಳ್ಳೆಯ ಸುರಕ್ಷಾ ಪಟ್ಟಿಗಳಲ್ಲಿ ಮಡಿಸಿ ಹೊಲಿದ ಒಂದು ಪಟ್ಟಿ ಇರುತ್ತದೆ. ಬಿದ್ದಾಗ ಅದರ ಹೊಲಿಗೆ ಒಂದೊಂದಾಗಿ ಬಿಚ್ಚಿ ಏಟನ್ನು ನುಂಗುತ್ತದೆ. ಕೊಳ್ಳುವಾಗ ಐ.ಎಸ್. 3521 ಎಂಬ ಗುರುತು ನೋಡಿರಿ. ಬರಿಯ ಸೊಂಟಪಟ್ಟಿ ಬೇಡ, ತೊಡೆ-ಹೆಗಲು ಎರಡನ್ನೂ ಹಿಡಿಯುವಂಥದ್ದೇ ಬೇಕು. ಆದರೆ ಆ ಹೊಲಿಗೆ ಬಿಚ್ಚಲು ಐದಾರು ಅಡಿ ಜಾಗ ಹಿಡಿದೀತು. ನೆಲಕ್ಕೆ ಹತ್ತಿರದಲ್ಲಿ ಅದನ್ನೇ ನಂಬಿ ಕೂರಬಾರದು. ಎಲ್ಲಕ್ಕಿಂತ ಮೊದಲು ಹಗ್ಗ ಸಡಿಲ ಬಿಡಬೇಡಿ, ಸೊಂಟಕ್ಕಿಂತ ಮೇಲೆ ಕಟ್ಟಿರಿ. ಮರಕ್ಕೆ ಸುಮ್ಮನೆ ಬಳಸಿದ್ದು ಬೀಳುವವನ ಜತೆಗೇ ಜಾರುತ್ತದೆ; ಎಳೆದಷ್ಟೂ ಬಿಗಿಯುವ ಕುಣಿಕೆ ಹಾಕಿರಿ. ತೆಂಗಿನ ಗರಿಯ ಬುಡಕ್ಕೆ ಕಟ್ಟಲೇಬೇಡಿ.

ಗಂಟು ಹಾಕಿದ ಕಡೆ ಹಗ್ಗದ ಬಲ ಅರ್ಧಕ್ಕೆ ಇಳಿಯಬಹುದು. ಮೈಲುತುತ್ತ, ಬ್ಯಾಟರಿಯ ಆಸಿಡ್ಡು ಇಡುವ ಮೂಲೆಯಲ್ಲಿ ಹಗ್ಗ ಇಡಬೇಡಿ, ಇಲಿಗೂ ಸಿಗದಂತೆ ತೂಗುಹಾಕಿ. ಒಮ್ಮೆ ಬಿದ್ದವನನ್ನು ತಡೆದ ಹಗ್ಗವನ್ನು ಕತ್ತರಿಸಿ ದನ ಕಟ್ಟಲು ಬಳಸಿರಿ.

ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತರಬೇತಿ ಆರಂಭಿಸಿತು. ಅವರಿಗೆಂದು ಕೇರ ಸುರಕ್ಷಾ ಎಂಬ ಅಪಘಾತ ವಿಮೆಯೂ ಉಂಟು. ನಿಮ್ಮ ತೋಟಕ್ಕೆ ಬರುವವರ ಹೆಸರು ಅದರಲ್ಲಿದೆಯೇ ಎಂದು ಈ ಸಲದ ಕಾಯಿ ಕೀಳುವ ಮೊದಲೇ ವಿಚಾರಿಸಿರಿ.